ಕುಣಿಯಲೆಂದು ಹೊಲಿಸಿದ ಸೂಟು: ನ್ಯೂಯಾರ್ಕಿನಲ್ಲಿ ಐದು ದಿನ

ಗುರುವಾರ

ನೆವಾರ್ಕ್ ವಿಮಾನ ನಿಲ್ದಾಣದ ಹೊರಗೆ ನನ್ನನ್ನು ಕಂಡೊಡನೆ ಅಕ್ಕ ನನ್ನ ಕುರ್ತಾದ ತೋಳು ಕೂಡಿಸಿದ ಜಾಗವನ್ನು ಎರಡು ಬೆರಳಲ್ಲಿ ಹಿಡಿದು, "ಯಾರೇ ಹೊಲಿದದ್ದು ಇದನ್ನ? ಅಪ್ಪ ಇದ್ದಿದ್ದರೆ ಬಿಚ್ಚಿ ಮತ್ತೆ ಕೂಡಿಸ್ತಿದ್ದ" ಎಂದಳು. ಯಲ್ಲಾಪುರದ ಪೇಟೆಯಲ್ಲಿ ನಲವತ್ತು ವರ್ಷ ಮಷಿನ್ ತುಳಿದ ದರ್ಜಿಯ ಹೆಣ್ಣುಮಕ್ಕಳು ನಾವು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲರು, ಕಾಜಾ, ಕೆಳಗಿನ ಮಡಿಕೆ ಕಣ್ಣಿಗೆ ಬೀಳುವುದು ನಮ್ಮ ಮನೆತನದ ರೋಗ. 2025ರ ಸೆಪ್ಟೆಂಬರಿನಲ್ಲಿ ನನ್ನನ್ನು ಅಷ್ಟು ದೂರ ಎಳೆದುಕೊಂಡು ಹೋದದ್ದೂ ಈ ರೋಗವೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 'ಸೂಪರ್‌ಫೈನ್: ಟೇಲರಿಂಗ್ ಬ್ಲ್ಯಾಕ್ ಸ್ಟೈಲ್' ಎಂಬ ಪ್ರದರ್ಶನ ಮೇ 10ರಂದು ತೆರೆದಿತ್ತು, ಅಕ್ಟೋಬರ್ 26ಕ್ಕೆ ಮುಗಿಯಲಿತ್ತು. ಕಪ್ಪುಜನರ, ಅದರಲ್ಲೂ ಗಂಡಸರ, ಹೊಲಿಸಿದ ಉಡುಪಿನ ಸುಮಾರು ಮುನ್ನೂರು ವರ್ಷಗಳ ಚರಿತ್ರೆ ಅದು. ಸೂಟಿನ ಹೊಲಿಗೆಯನ್ನು ನೋಡಲು ಜನ ಸರತಿಯಲ್ಲಿ ನಿಲ್ಲುತ್ತಾರೆಂದು ಅಪ್ಪನಿಗೆ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಅಕ್ಕನ ಮನೆಯಿರುವ ಎಡಿಸನ್ನಿನ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಿಂದ ಅಕ್ಕನ ಮಗಳು ಪಾಠ ಶುರುಮಾಡಿದಳು. ಅವಳು ಅಲ್ಲಿಯೇ ಕಾಲೇಜಿನಲ್ಲಿ ಜವಳಿ ವಿನ್ಯಾಸ ಓದುತ್ತಿದ್ದಾಳೆ. "ಚಿಕ್ಕಮ್ಮ, ನೀನು ಈಗ ಇಳಿದ ಊರು ಸ್ಟೀಫನ್ ಬರೋಸ್ ಹುಟ್ಟಿದ ಊರು, ಗೊತ್ತಾ?" ನನಗೆ ಗೊತ್ತಿರಲಿಲ್ಲ. 1943ರಲ್ಲಿ ಹುಟ್ಟಿ, ಮುಂದೆ ಉಡುಪು ವಿನ್ಯಾಸಕಾರನಾದ ಈ ಹುಡುಗನಿಗೆ ಅಜ್ಜಿಯ ಹೊಲಿಗೆ ಮಷಿನ್ನಿನ ಜಿಗ್‌ಜಾಗ್ ಹೊಲಿಗೆಯ ಮೇಲೆ ಮೋಹ ಹತ್ತಿತಂತೆ. ಮುಂದೆ ಅವನಿಗೆ ಹೆಸರು ತಂದದ್ದು ಅದೇ ಹೊಲಿಗೆ. ತೆಳುವಾದ ಜರ್ಸಿ ಬಟ್ಟೆಯ ಅಂಚನ್ನು ಎಳೆದು ಹಿಡಿದು ಒತ್ತಾಗಿ ಜಿಗ್‌ಜಾಗ್ ಹೊಲಿದರೆ, ಕೈಬಿಟ್ಟಾಗ ಆ ಅಂಚು ಲೆಟಿಸ್ ಸೊಪ್ಪಿನ ಎಲೆಯಂತೆ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ; ಅದನ್ನು ತೊಟ್ಟವರು ಹೆಜ್ಜೆ ಹಾಕಿದರೆ ಅಂಚು ತಾನೇ ಕುಣಿಯುತ್ತದೆ. ನಮ್ಮ ಅಂಗಡಿಯಲ್ಲಿ ಬಟ್ಟೆ ಹಾಗೆ ಎಳೆದುಕೊಂಡರೆ ಅದನ್ನು 'ಹೊಲಿಗೆ ಕೆಟ್ಟಿತು' ಎನ್ನುತ್ತಿದ್ದರು, ಮತ್ತು ಕೆಲಸದ ಹುಡುಗ ಬೈಸಿಕೊಳ್ಳುತ್ತಿದ್ದ.

1973ರ ನವೆಂಬರ್ 28ರಂದು ಪ್ಯಾರಿಸಿನ ಬಳಿಯ ವರ್ಸೈ ಅರಮನೆಯಲ್ಲಿ ಐವರು ಫ್ರೆಂಚ್ ವಿನ್ಯಾಸಕಾರರ ಎದುರು ಐವರು ಅಮೆರಿಕನ್ನರು ತಮ್ಮ ಉಡುಪುಗಳನ್ನು ತೋರಿಸಿದರು. ಆ ಐವರಲ್ಲಿ ಕಪ್ಪುವರ್ಣದವನು ಬರೋಸ್ ಒಬ್ಬನೇ. ಫ್ರೆಂಚರ ರಂಗಸಜ್ಜಿಕೆ ಭಾರೀ ಅದ್ದೂರಿಯದು; ಅಮೆರಿಕನ್ನರ ವೇದಿಕೆ ಬಹುಪಾಲು ಖಾಲಿ. ಆ ಖಾಲಿ ವೇದಿಕೆಯನ್ನು ತುಂಬಿದವರು ರೂಪದರ್ಶಿಗಳು. ಅಮೆರಿಕದಿಂದ ಬಂದಿದ್ದ 36 ಮಂದಿಯಲ್ಲಿ ಪ್ಯಾಟ್ ಕ್ಲೀವ್‌ಲ್ಯಾಂಡ್, ಬೆತನ್ ಹಾರ್ಡಿಸನ್ ಸೇರಿ ಹತ್ತು ಮಂದಿ ಕಪ್ಪು ಹೆಣ್ಣುಮಕ್ಕಳು. ಅವರು ಗೊಂಬೆಗಳಂತೆ ನಡೆಯದೆ, ಸುತ್ತಿ, ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ನಡೆದದ್ದನ್ನು ಕಂಡು ಸಭಿಕರು ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಗಳನ್ನು ಗಾಳಿಗೆ ತೂರಿದರಂತೆ. "ಗೆದ್ದದ್ದು ಯಾರು?" ಎಂದು ಭಾವ ಸ್ಟೀರಿಂಗಿನ ಹಿಂದಿನಿಂದ ಕೇಳಿದರು. ಅದು ಸ್ಪರ್ಧೆಯೇ ಆಗಿರಲಿಲ್ಲ, ಅರಮನೆಯ ದುರಸ್ತಿಗೆ ಹಣ ಕೂಡಿಸುವ ಕಾರ್ಯಕ್ರಮ ಎಂದು ಹುಡುಗಿ ವಿವರಿಸಿದಳು. ಭಾವನಿಗೆ ಉತ್ತರ ರುಚಿಸಲಿಲ್ಲ.

ಶುಕ್ರವಾರ

ಮ್ಯೂಸಿಯಂ ಶುಕ್ರವಾರ ಮತ್ತು ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ ಎಂಬ ಕಾರಣಕ್ಕೆ ನಾನೂ ಅಕ್ಕನ ಮಗಳೂ ಮಧ್ಯಾಹ್ನದ ರೈಲು ಹಿಡಿದೆವು. ಟಿಕೆಟ್ ಕೌಂಟರಿನಲ್ಲಿ ನನಗೆ 30 ಡಾಲರ್. ನ್ಯೂಜೆರ್ಸಿಯ ವಿದ್ಯಾರ್ಥಿಯಾದ್ದರಿಂದ ಅಕ್ಕನ ಮಗಳಿಗೆ ತನಗಿಷ್ಟ ಬಂದಷ್ಟು ಕೊಡುವ ಸವಲತ್ತು. ಅವಳಿಗೆ ಇಷ್ಟ ಬಂದದ್ದು ಒಂದು ಡಾಲರ್. ನಾನು ತಲೆತಗ್ಗಿಸಿ ನಿಂತೆ.

ಈ ಪ್ರದರ್ಶನದ ಸುದ್ದಿ ನಮ್ಮ ಕಡೆಗೆ ಬಂದದ್ದೇ ಬೇರೆ ರೂಪದಲ್ಲಿ. ಮೇ 5ರ ಸಂಜೆ ಇದರ ಉದ್ಘಾಟನೆಯ ಔತಣವಾದ ಮೆಟ್ ಗಾಲಾದಲ್ಲಿ ಶಾರುಖ್ ಖಾನ್ ಏನು ತೊಟ್ಟರು, ದಿಲ್ಜಿತ್ ದೋಸಾಂಜ್ ಪೇಟದ ಬಣ್ಣವೇನು ಎಂಬುದೇ ನಮ್ಮ ಪತ್ರಿಕೆಗಳ ತುಂಬ ಇತ್ತು. ಔತಣ ಯಾತಕ್ಕೆ ನಡೆಯಿತೆಂದು ಬರೆದವರು ಕಡಿಮೆ. ಮ್ಯೂಸಿಯಂನ ಉಡುಪು ವಿಭಾಗ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ಆ ಒಂದೇ ರಾತ್ರಿಯಲ್ಲಿ ಈ ಸಲ 3.1 ಕೋಟಿ ಡಾಲರ್ ಕೂಡಿತು, ಅದು ಅಲ್ಲಿಯವರೆಗಿನ ದಾಖಲೆ. ಆದರೆ ಪ್ರದರ್ಶನದ ಬುನಾದಿ ಹಾಕಿದವರು ಬರ್ನಾರ್ಡ್ ಕಾಲೇಜಿನ ಅಧ್ಯಾಪಕಿ ಮೋನಿಕಾ ಮಿಲ್ಲರ್. ಕಪ್ಪುಜನರ ಠಾಕುಠೀಕು ಉಡುಪಿನ ಪರಂಪರೆಯ ಬಗ್ಗೆ ಅವರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯ ಮೇಲೆ, ಹದಿನಾರು ವರ್ಷಗಳ ಬಳಿಕ, ಈ ಹನ್ನೆರಡು ಅಂಕಣಗಳ ಮನೆ ಎದ್ದಿದೆ. ಗೊಂಬೆಗಳಿಗೆ ತಲೆಗಳನ್ನು ಮಾಡಿಕೊಟ್ಟ ಶಿಲ್ಪಿ ತಾಂಡಾ ಫ್ರಾನ್ಸಿಸ್. ಒಳಾಂಗಣದ ಕಪ್ಪು ಕಟ್ಟಡರೂಪಗಳು ಕಲಾವಿದೆ ಟಾರ್ಕ್ವೇಸ್ ಡೈಸನ್ ಅವರ ಕಲ್ಪನೆ.

ಎರಡು ವಸ್ತುಗಳ ಮಾತನ್ನು ಮಾತ್ರ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಉಳಿದೆಲ್ಲವನ್ನೂ ನಾನು ಆ ಎರಡರ ನಡುವೆ ಇಟ್ಟುಕೊಂಡೇ ನೋಡಿದೆ. ಮೊದಲನೆಯದು ಒಂದು ಕೋಟು. ನೇರಳೆ ಮಕಮಲ್ಲು, ಅಂಚಿಗೆಲ್ಲ ಜರತಾರಿ ಪಟ್ಟಿ, ಅದರೊಳಗೆ ಅದೇ ಬಟ್ಟೆಯ ವೇಸ್ಟ್‌ಕೋಟು. ಅಷ್ಟು ಹತ್ತಿರದಿಂದ ನೋಡಿದರೂ ಹೊಲಿಗೆಯಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಮೇರಿಲ್ಯಾಂಡಿನ ಶ್ರೀಮಂತ ಮನೆಯೊಂದರಲ್ಲಿ ಗುಲಾಮನಾಗಿದ್ದ, ಹೆಸರು ಉಳಿಯದ ಒಬ್ಬನಿಗೆ ತೊಡಿಸಿದ್ದ ಚಾಕರಿಯ ದಿರಿಸು ಅದು. ಬಂದ ಅತಿಥಿಗಳಿಗೆ ಯಜಮಾನನ ಸಿರಿ ಕಾಣಲೆಂದು ಮಕಮಲ್ಲು ಹಾಕಿಸಿದ್ದರು. ಕೋಟೂ ಯಜಮಾನನದು, ಅದರೊಳಗಿನ ಮನುಷ್ಯನೂ ಯಜಮಾನನ ಸೊತ್ತು. ಆ ಹುಡುಗನ ಭುಜಕ್ಕೆ ಟೇಪು ಹಿಡಿದ ದರ್ಜಿಯೊಬ್ಬ ಇದ್ದಿರಬೇಕಲ್ಲ, ಅವನು ಅಳತೆಯನ್ನು ಯಾರ ಹೆಸರಿನಲ್ಲಿ ಬರೆದುಕೊಂಡ ಎಂದು ನನಗೆ ಅನ್ನಿಸಿತು. ಅಪ್ಪನ ಅಳತೆ ಪುಸ್ತಕದಲ್ಲಿ ಪ್ರತಿ ಸಾಲಿನ ಮುಂದೆ ಗಿರಾಕಿಯ ಹೆಸರು ಇರುತ್ತಿತ್ತು. ಹೆಸರು ಬರೆಯದ ಅಳತೆ ಅಂಗಡಿಯಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಎರಡನೆಯದು ಒಂದು ವಾಕ್ಯ. ಪ್ರದರ್ಶನದ ಹೆಸರಿನಲ್ಲಿರುವ 'ಸೂಪರ್‌ಫೈನ್' ಎಂಬ ಮಾತು ಬಂದಿರುವುದು ಒಲೌಡಾ ಎಕ್ವಿಯಾನೊ 1789ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ. ಗುಲಾಮನಾಗಿದ್ದಾಗ ಚಿಲ್ಲರೆ ವ್ಯಾಪಾರ ಮಾಡಿ ಕಾಸಿಗೆ ಕಾಸು ಕೂಡಿಸಿದ ಎಕ್ವಿಯಾನೊ, 40 ಪೌಂಡ್ ತೆತ್ತು 1766ರಲ್ಲಿ ತನ್ನನ್ನು ತಾನೇ ಬಿಡಿಸಿಕೊಂಡ. ಬಿಡುಗಡೆ ಇನ್ನೇನು ಹತ್ತಿರ ಬಂತು ಎಂಬ ಹೊತ್ತಿನಲ್ಲಿ, ಆ ಉಳಿತಾಯದಿಂದಲೇ ಎಂಟು ಪೌಂಡಿಗೂ ಮೇಲೆ ಖರ್ಚು ಮಾಡಿ ಸೂಪರ್‌ಫೈನ್ ಬಟ್ಟೆಯ, ಅಂದರೆ ಅತಿ ನಯವಾದ ಉಣ್ಣೆಯ, ಒಂದು ಜೊತೆ ಉಡುಪು ಕೊಂಡನಂತೆ. ಬಿಡುಗಡೆಯ ದಿನ ಅದನ್ನು ತೊಟ್ಟು ಕುಣಿಯಬೇಕೆಂದು. ತನ್ನ ಬೆಲೆಯ ಐದನೆಯ ಒಂದು ಪಾಲನ್ನು ಕುಣಿತದ ಬಟ್ಟೆಗೆ ಸುರಿದ ಈ ಲೆಕ್ಕವನ್ನು ನಮ್ಮ ಊರಿನ ಯಾವ ಹಿರಿಯರೂ ಒಪ್ಪುತ್ತಿರಲಿಲ್ಲ. ನಾನು ಮಾತ್ರ ಅಂಗಡಿಯಲ್ಲಿ ಬೆಳೆದವಳು. ಮೂರು ತಿಂಗಳ ಕೂಲಿ ಕೂಡಿಸಿ ಮಗಳ ಮದುವೆಗೆ ಒಂದು ಕೋಟು ಹೊಲಿಸಿಕೊಂಡು, ಕನ್ನಡಿಯ ಮುಂದೆ ಮಾತಿಲ್ಲದೆ ನಿಂತವರನ್ನು ಕಂಡಿದ್ದೇನೆ.

ನೇರಳೆ ಕೋಟಿಗೂ ಈ ಕುಣಿತದ ಸೂಟಿಗೂ ನಡುವೆ ಏನೆಲ್ಲ ಇತ್ತು! ಲಂಡನ್ನಿನ ಸಿರಿವಂತರ ನಡುವೆ ಕತ್ತಿವರಸೆ ಕಲಿಸುತ್ತ ವಜ್ರದ ಬಕಲಿನ ಬೂಟು ಮೆರೆಸಿದನೆಂಬ ಜೂಲಿಯಸ್ ಸೂಬೀಸನನ್ನು ಗೇಲಿ ಮಾಡಿದ 1772ರ ಚಿತ್ರವಿತ್ತು. ಹುಟ್ಟಿನಿಂದ ಗುಲಾಮನಾದ ಈ ಸೂಬೀಸ್ ಕೊನೆಗೆ ಬಂದು ಸೇರಿದ್ದು ಕಲಕತ್ತೆಗೆ; ಅಲ್ಲಿ ಕುದುರೆ ಸವಾರಿಯ ಶಾಲೆ ನಡೆಸಿ, 1798ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಬದುಕಿಡೀ ಮಾತಾಡಿದ ಫ್ರೆಡರಿಕ್ ಡಗ್ಲಸ್‌ನ ಬಾಲದಂಗಿಯ ಕೋಟು ಇತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಮನುಷ್ಯ ಅವನು. ಗೇಲಿಚಿತ್ರ ಬರೆಯುವವರ ಕೈಗೆ ತನ್ನ ಮುಖವನ್ನು ಕೊಡಬಾರದೆಂಬ ಹಟ ಅದರ ಹಿಂದಿತ್ತು. ಉತ್ತರ ಕ್ಯಾರೊಲಿನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಹಾಸ್ಟೆಲುಗಳನ್ನು ಗುಡಿಸಿ ಒರೆಸುತ್ತಿದ್ದ ಅಜ್ಜಿ ಬೆಳೆಸಿದ ಆಂದ್ರೆ ಲಿಯಾನ್ ಟ್ಯಾಲಿ, 'ವೋಗ್' ಪತ್ರಿಕೆಯ ಸೃಜನ ನಿರ್ದೇಶಕನಾಗಿ ತೊಟ್ಟು ಮೆರೆದ ನಿಲುವಂಗಿ ಇತ್ತು. ವರ್ಜಿಲ್ ಆಬ್ಲೋ ವಿನ್ಯಾಸಗಳಿದ್ದವು. ಘಾನಾದಿಂದ ಬಂದ ದಂಪತಿಯ ಮಗನಾದ ಆತನಿಗೆ ಹೊಲಿಗೆ ಕಲಿಸಿದವಳು ಹೊಲಿಗೆಯವಳೇ ಆದ ತಾಯಿ. ಸಿವಿಲ್ ಎಂಜಿನಿಯರಿಂಗ್ ಓದಿ, 2018ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಪುರುಷ ಉಡುಪುಗಳ ಮುಖ್ಯಸ್ಥನಾಗಿ, 2021ರಲ್ಲಿ 41ರ ಹರೆಯಕ್ಕೆ ತೀರಿಕೊಂಡ.

ಒಂದು ಸೂಟಿನ ಕಾಲರಿನ ಒಳಮೈಯ ಕೈಹೊಲಿಗೆ ನೋಡಲು ನಾನು ತೀರ ಬಗ್ಗಿದ್ದೆನೇನೋ, ಕಾವಲಿಗಿದ್ದ ಹಿರಿಯರು ಮೆಲ್ಲನೆ ಬಂದು ಒಂದು ಹೆಜ್ಜೆ ಹಿಂದೆ ನಿಲ್ಲಲು ಹೇಳಿದರು. ಕ್ಷಮೆ ಕೇಳಿ, ನಾನು ದರ್ಜಿಯ ಮಗಳು ಎಂದೆ. ಅವರ ಮುಖ ಅರಳಿತು. "ಹಾಗಾದರೆ ಗೊಂಬೆಗಳನ್ನು ಬಿಟ್ಟು ಸ್ವಲ್ಪ ಆ ಬಾಗಿಲ ಕಡೆ ನೋಡಿ" ಎಂದರು. ಎಪ್ಪತ್ತು ದಾಟಿದ ಕಪ್ಪು ದಂಪತಿ ಒಳಗೆ ಬರುತ್ತಿದ್ದರು. ಆತನದು ಸಾಸಿವೆ ಬಣ್ಣದ ಮೂರು ತುಂಡಿನ ಸೂಟು, ಆಕೆಯದು ಅದೇ ಸಾಸಿವೆಯ ಟೋಪಿ, ಕೈಗವಸು. ಮನುಷ್ಯ ನಿಂತಾಗ ಪ್ಯಾಂಟಿನ ತುದಿ ಬೂಟಿನ ಮೇಲೆ ಒಂದೇ ಒಂದು ಮುರಿವು ಮುರಿದು ಕೂತಿತ್ತು, ಎರಡಲ್ಲ, ಒಂದು. ಶುಕ್ರವಾರ ಸಂಜೆ ಜನ ಹೀಗೆ ಸಿಂಗರಿಸಿಕೊಂಡೇ ಬರುತ್ತಾರೆ, ಬೇಸಿಗೆಯಿಡೀ ಬಂದಿದ್ದಾರೆ, ನನ್ನ ಕೆಲಸದಲ್ಲಿ ಇಂಥ ನಾಲ್ಕು ತಿಂಗಳನ್ನು ನೋಡಿಲ್ಲ ಎಂದು ಕಾವಲಿನವರು ಹೇಳಿದರು. ಜೀನ್ಸು, ರೈಲಿನಲ್ಲಿ ಮುದುಡಿದ ಕುರ್ತಾದಲ್ಲಿ ಬಂದಿದ್ದ ನಾನು ತೋಳಿನ ಕೆಟ್ಟ ಹೊಲಿಗೆಯನ್ನು ಸೆರಗಿಲ್ಲದೆ ಹೇಗೆ ಮುಚ್ಚಿಕೊಳ್ಳುವುದೆಂದು ಯೋಚಿಸಿದೆ.

ಶನಿವಾರ

ಹಿಂದಿನ ದಿನದ ನಾಚಿಕೆಯನ್ನು ಕಳೆದುಕೊಳ್ಳಲು, ನ್ಯೂಯಾರ್ಕಿನ ಕಪ್ಪುಜನರ ಹಳೆಯ ಕೇರಿಯಾದ ಹಾರ್ಲೆಮ್ಮಿನ 116ನೇ ಬೀದಿಗೆ ಹೋದೆವು. ಈ ಭಾಗಕ್ಕೆ ಪುಟ್ಟ ಸೆನೆಗಲ್ ಎಂದೇ ಹೆಸರು. ಮಾಲ್ಕಂ ಶಬಾಜ್ ಮಾರುಕಟ್ಟೆಯ ಗೂಡಂಗಡಿಗಳಲ್ಲಿ ವ್ಯಾಕ್ಸ್ ಪ್ರಿಂಟ್ ಬಟ್ಟೆಗಳು ಸೂರಿನಿಂದ ನೆಲದವರೆಗೆ ಇಳಿಬಿದ್ದಿದ್ದವು. ಆಫ್ರಿಕದ ಬಟ್ಟೆ ಎಂದು ಲೋಕವೆಲ್ಲ ಕರೆಯುವ ಈ ಮೇಣದಚ್ಚಿನ ಬಟ್ಟೆಯ ಮೂಲ ಜಾವಾದ ಬಾಟಿಕ್. ಅದನ್ನು ಯಂತ್ರದಲ್ಲಿ ಅನುಕರಿಸಿದವರು ಡಚ್ಚರು. ಕೊಂಡು, ಹೆಸರಿಟ್ಟು, ತಮ್ಮದು ಮಾಡಿಕೊಂಡವರು ಪಶ್ಚಿಮ ಆಫ್ರಿಕದ ಹೆಂಗಸರು.

ನೀಲಿ ನೆಲದ ಮೇಲೆ ಹಳದಿ ಬೀಸಣಿಗೆಗಳಿದ್ದ ಬಟ್ಟೆಯೊಂದನ್ನು ಆರಿಸಿ, ಮೂಲೆಯಲ್ಲಿ ಮಷಿನ್ ಇಟ್ಟುಕೊಂಡಿದ್ದ, ಸೆನೆಗಲ್ಲಿನ ರಾಜಧಾನಿ ಡಾಕಾರಿನ ದರ್ಜಿಯ ಮುಂದೆ ನಿಂತೆ. ಅರವತ್ತರ ಆಸುಪಾಸಿನವರು. ಟೇಪು ಕೊರಳಿಗೆ ಹಾಕಿಕೊಂಡ ರೀತಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ರೀತಿ, ಎರಡೂ ಅಪ್ಪನವೇ. ಅವರು ಅಳತೆ ತೆಗೆದು ಪುಸ್ತಕದಲ್ಲಿ 'ಎದೆ 92' ಎಂದು ಬರೆದಾಗ ಮಾತ್ರ ನಾನು ಬೆಚ್ಚಿಬಿದ್ದೆ. ಜೀವಮಾನವಿಡೀ 36 ಇಂಚಿನವಳಾಗಿದ್ದವಳು ಸೆಂಟಿಮೀಟರಿನಲ್ಲಿ ಇಷ್ಟು ದೊಡ್ಡವಳಾಗುತ್ತೇನೆಂದು ಎಣಿಸಿರಲಿಲ್ಲ. ನನ್ನ ಕುರ್ತಾದ ತೋಳನ್ನು ಅವರೂ ಎರಡು ಬೆರಳಲ್ಲಿ ಹಿಡಿದು ನೋಡಿದರು. ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿದರು. ಹೊಲಿಗೆಗೆ 60 ಡಾಲರ್, ಸೋಮವಾರ ಬನ್ನಿ.

ಅಲ್ಲಿಂದ 125ನೇ ಬೀದಿ. ಪೂರ್ವ 125ರ 43ನೇ ನಂಬರಿನಲ್ಲಿ 1982ರಿಂದ ಹತ್ತು ವರ್ಷ ಡ್ಯಾಪರ್ ಡ್ಯಾನ್ ಎಂದು ಹೆಸರಾದ ಡೇನಿಯಲ್ ಡೇ ನಡೆಸಿದ ಅಂಗಡಿ ಇತ್ತು. ಹಗಲುರಾತ್ರಿ ತೆರೆದಿರುತ್ತಿದ್ದ ಅಂಗಡಿ ಅದು. ಹಾರ್ಲೆಮ್ಮಿನ ಗಿರಾಕಿಗಳು ದುಡ್ಡು ಹಿಡಿದು ಹೋದರೂ ಮುಖ ಕೊಟ್ಟು ಮಾತಾಡದ ಐಷಾರಾಮಿ ಕಂಪನಿಗಳ ಕಾಲದಲ್ಲಿ, ಈತ ಆ ಕಂಪನಿಗಳ ಲಾಂಛನಗಳನ್ನು ತೊಗಲಿನ ಮೇಲೆ ಅಚ್ಚೊತ್ತುವ ವಿದ್ಯೆಯನ್ನು ತಾನೇ ಕಲಿತು, ಆ ಕಂಪನಿಗಳು ಕನಸಿನಲ್ಲೂ ಹೊಲಿಯದಿದ್ದ ಜಾಕೆಟ್ಟು, ಕೋಟು, ಕಾರಿನ ಸೀಟಿನ ಹೊದಿಕೆಗಳನ್ನು ಹೊಲಿಸಿದ. ಹೊಲಿಗೆಗೆ ಕೂತವರು ಬಹುಮಟ್ಟಿಗೆ ಸೆನೆಗಲ್ಲಿನ ದರ್ಜಿಗಳು. ರ‍್ಯಾಪ್ ಹಾಡುಗಾರರು, ಬಾಕ್ಸಿಂಗ್ ಪಟುಗಳು, ಬೀದಿಯ ದಾದಾಗಳು, ಎಲ್ಲರೂ ಗಿರಾಕಿಗಳೇ. ಕಂಪನಿಗಳ ದಾಳಿ, ದಾವೆಗಳ ಕೈಯಲ್ಲಿ ಸಿಕ್ಕು 1992ರಲ್ಲಿ ಅಂಗಡಿ ಮುಚ್ಚಿತು. ಕದ್ದ ಲಾಂಛನ ಕದ್ದದ್ದೇ, ಕಾನೂನಿನ ಮಾತು ಕಾನೂನಿಗೆ ಸರಿ. ಆದರೆ 2017ರಲ್ಲಿ ಗುಚ್ಚಿ ಕಂಪನಿ, ಓಟಗಾರ್ತಿ ಡಯೇನ್ ಡಿಕ್ಸನ್‌ಗಾಗಿ ಈತ 1989ರಲ್ಲಿ ಹೊಲಿಸಿದ್ದ ಉಬ್ಬುತೋಳಿನ ಜಾಕೆಟ್ಟನ್ನೇ ಬಹಳ ಮಟ್ಟಿಗೆ ಹೋಲುವ ಜಾಕೆಟ್ಟನ್ನು ತನ್ನ ವೇದಿಕೆಯಲ್ಲಿ ತಂದಾಗ, ಯಾರು ಯಾರದ್ದನ್ನು ತೆಗೆದುಕೊಂಡರು ಎಂದು ಜಗತ್ತೇ ಗದ್ದಲ ಎಬ್ಬಿಸಿತು. ಗದ್ದಲದ ಫಲವಾಗಿ ಕಂಪನಿ ಆತನ ಜೊತೆ ಪಾಲುದಾರಿಕೆಗೆ ಬಂತು. 2018ರ ಆರಂಭದಲ್ಲಿ ಹಾರ್ಲೆಮ್ಮಿನಲ್ಲೇ ಆತನ ಹೊಲಿಗೆಮನೆ ಮತ್ತೆ ತೆರೆಯಿತು, ಈ ಸಲ ಕಂಪನಿಯೇ ಕೊಟ್ಟ ಬಟ್ಟೆಯಿಂದ.

ಮಧ್ಯಾಹ್ನ 135ನೇ ಬೀದಿಯ ಶೋಂಬರ್ಗ್ ಕೇಂದ್ರಕ್ಕೆ ಹೋದೆವು. ಕಪ್ಪುಜನರ ಚರಿತ್ರೆಯ ಈ ಗ್ರಂಥಾಲಯಕ್ಕೆ 2025 ನೂರನೆಯ ವರ್ಷ. ಇದೇ ಕಟ್ಟಡದಲ್ಲಿ 2013ರಲ್ಲಿ ಭಾರತಕ್ಕೆ ಬಂದ ಆಫ್ರಿಕನ್ನರ ಬಗ್ಗೆ ಒಂದು ಪ್ರದರ್ಶನ ನಡೆದಿತ್ತು. ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತ ನಡೆಸಿದ ಮಲಿಕ್ ಅಂಬರನ ಕಥೆ ಅದರಲ್ಲಿತ್ತು. ಯಲ್ಲಾಪುರದವಳಿಗೆ ಆಫ್ರಿಕ ಮೂಲದವರು ಪುಸ್ತಕದಲ್ಲಿ ಕಂಡವರಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನ ಸಿದ್ದಿಗಳು, ಪೋರ್ಚುಗೀಸರು ಗೋವೆಗೆ ತಂದ ಗುಲಾಮರ ಸಂತತಿಯವರು, ನಮ್ಮ ಅಂಗಡಿಗೂ ಬರುತ್ತಿದ್ದರು. ಕತ್ತರಿಸಿ ಉಳಿದ ಚೂರುಗಳನ್ನು ಅಪ್ಪ ಒಂದು ಗೋಣಿಚೀಲದಲ್ಲಿ ತುಂಬಿಡುತ್ತಿದ್ದ. ಮಳೆಗಾಲಕ್ಕೆ ಮುಂಚೆ ಸಿದ್ದಿ ಹೆಂಗಸರು ಬಂದು ಚೀಲವನ್ನು ನೆಲಕ್ಕೆ ಸುರಿದು, "ಟೇಲರಣ್ಣ, ಕೆಂಪು ಚೂರು ಇಷ್ಟೇನಾ?" ಎಂದು ಕೇಳುತ್ತ ಆರಿಸುತ್ತಿದ್ದರು, ಕೌದಿಗೆ. ಸಿದ್ದಿ ಕೌದಿಯ ಕ್ರಮವೇ ಬೇರೆ: ಹಳೆ ಸೀರೆಯ ಮೇಲೆ ಒಂದು ಅಂಚಿನಿಂದ ಚೂರುಗಳನ್ನು ಕೂಡಿಸುತ್ತ, ಸುತ್ತು ಹಾಕುತ್ತ, ನಡುವಿಗೆ ಬಂದು ಮುಗಿಸುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಒಂದೊಂದು ಮುಕ್ಕೋನದ 'ಫೂಲ' ಹಚ್ಚಬೇಕು. ಹಚ್ಚದಿದ್ದರೆ ಕೌದಿ ಬೆತ್ತಲೆ. ಫೂಲದಿಂದ ಬೆಚ್ಚಗಾಗುವುದೇನಿಲ್ಲ. ಎಕ್ವಿಯಾನೊನ ಎಂಟು ಪೌಂಡಿನ ಲೆಕ್ಕ ನನಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ಆ ಮುಕ್ಕೋನವೂ ಕಾರಣವಿರಬೇಕು.

ಸಂಜೆ ಐದಾರು ಬೀದಿ ಮೇಲಕ್ಕೆ ನಡೆದು, ಲೆನಾಕ್ಸ್ ಅವೆನ್ಯೂವಿನಲ್ಲಿ 1926ರಿಂದ 1958ರವರೆಗೆ ಸವಾಯ್ ಬಾಲ್‌ರೂಂ ಇದ್ದ ಜಾಗವನ್ನು ನೋಡಿದೆವು. ಈಗ ವಸತಿ ಕಟ್ಟಡಗಳು, ಒಂದು ಫಲಕ. ಕಪ್ಪು, ಬಿಳಿ ಭೇದವಿಲ್ಲದೆ ಜನ ಲಿಂಡಿ ಹಾಪ್ ಎಂಬ ಜೋಡಿ ಕುಣಿತ ಕುಣಿದ ನೆಲ ಅದು. ಆ ಕಾಲದ ತರುಣರ ದೊಗಳೆ ಉಡುಪಾದ ಜೂಟ್ ಸೂಟಿನ (ಸೆಣಬಿನ ಜೂಟ್ ಅಲ್ಲ) ಪ್ಯಾಂಟು ಮಂಡಿಯಲ್ಲಿ ಗಾಳಿಚೀಲದಷ್ಟು ಅಗಲ, ಹರಡಿನಲ್ಲಿ ಬಿಗಿ. ಅಂದಕ್ಕೆ ಎಂದುಕೊಂಡಿದ್ದೆ, ಅಕ್ಕನ ಮಗಳು ಫಲಕದ ಮುಂದೆಯೇ ಕಾಲು ಬೀಸಿ ತೋರಿಸಿದ ಮೇಲೆ ಗೊತ್ತಾಯಿತು, ಮಂಡಿಯಲ್ಲಿ ಸಡಿಲವಿದ್ದರೆ ಕಾಲು ಬೀಸಬಹುದು, ಹರಡಿನಲ್ಲಿ ಬಿಗಿಯಿದ್ದರೆ ಬೂಟಿಗೆ ಸಿಕ್ಕಿಕೊಳ್ಳುವುದಿಲ್ಲ. ಯುದ್ಧಕಾಲದಲ್ಲಿ, 1942ರಲ್ಲಿ, ಸರ್ಕಾರ ಉಣ್ಣೆಗೆ ಮಿತಿ ಹಾಕಿದಾಗ ಇಷ್ಟು ಬಟ್ಟೆ ತಿನ್ನುವ ಸೂಟು ದೇಶದ್ರೋಹದ ಗುರುತಾಯಿತು. ಮರುವರ್ಷ ಲಾಸ್ ಏಂಜಲಿಸಿನಲ್ಲಿ ನೌಕಾಪಡೆಯ ಹುಡುಗರು ಮೆಕ್ಸಿಕನ್ ಮತ್ತು ಕಪ್ಪು ತರುಣರ ಮೈಮೇಲಿನ ಜೂಟ್ ಸೂಟುಗಳನ್ನು ಹಾದಿಬೀದಿಯಲ್ಲಿ ಹರಿದು ಕಿತ್ತರು.

ಭಾನುವಾರ

ಬೆಳಿಗ್ಗೆ ಹತ್ತಕ್ಕೆ 138ನೇ ಬೀದಿಯ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಎದುರಿನ ಕಾಲುದಾರಿಯಲ್ಲಿ ನಿಂತೆ. ಪ್ರಾರ್ಥನೆಗೆ ಬಂದವರನ್ನು ನೋಡಲು ಒಳಗೆ ನುಗ್ಗುವುದು ಸರಿಯಲ್ಲವೆಂದು ಹೊರಗೇ ಉಳಿದೆ. ಟೋಪಿಗಳ ಮೆರವಣಿಗೆ ಹೇಗೂ ಹೊರಗೇ ನಡೆಯುತ್ತದೆ. ಮುತ್ತಿನ ಬಣ್ಣದ, ತಟ್ಟೆಯಷ್ಟು ಅಗಲದ, ಒಂದು ಕಣ್ಣು ಮುಚ್ಚುವಂತೆ ವಾಲಿಸಿದ ಟೋಪಿಗಳು. ಬೈಬಲ್ಲಿನ ಪೌಲನು ಪ್ರಾರ್ಥನೆಯಲ್ಲಿ ಹೆಂಗಸರು ತಲೆ ಮುಚ್ಚಲಿ ಎಂದದ್ದು ಒಂದು ಕಾರಣ. ಇನ್ನೊಂದು, ವಾರದ ಆರು ದಿನ ಬೇರೆಯವರ ಮನೆಯಲ್ಲಿ ಕೆಲಸದವಳ ಸಮವಸ್ತ್ರ ತೊಟ್ಟ ಅಜ್ಜಿಯಂದಿರಿಗೆ ತಮ್ಮ ತಲೆ ತಮ್ಮದಾಗುತ್ತಿದ್ದದ್ದು ಏಳನೆಯ ದಿನ. ನ್ಯೂ ಆರ್ಲಿಯನ್ಸಿನ ಸ್ಪ್ಯಾನಿಷ್ ಗವರ್ನರ್ 1786ರಲ್ಲಿ ಕಪ್ಪು ಹೆಂಗಸರು ಕೂದಲಿಗೆ ಬಟ್ಟೆ ಸುತ್ತಿ ಮುಚ್ಚಬೇಕೆಂದು ಕಟ್ಟಳೆ ಮಾಡಿದ್ದ. ಅವರ ಸೊಬಗು ಕಣ್ಣು ಕುಕ್ಕಬಾರದೆಂದು. ಹೆಂಗಸರು ಕಟ್ಟಳೆ ಮುರಿಯಲಿಲ್ಲ. ಮದ್ರಾಸಿನಿಂದ ಹಡಗಿನಲ್ಲಿ ಬಂದ ಚೌಕುಳಿ ಬಟ್ಟೆಯನ್ನೇ ಗೋಪುರದಂತೆ ಸುತ್ತಿ, ಆಭರಣ ಸಿಕ್ಕಿಸಿ, ಕಣ್ಣು ಇನ್ನೂ ಹೆಚ್ಚು ಕುಕ್ಕುವ ಹಾಗೆ ಮಾಡಿದರು.

ಮಧ್ಯಾಹ್ನ ಆಡಂ ಕ್ಲೇಟನ್ ಪವೆಲ್ ಬುಲೆವಾರ್ಡಿನಲ್ಲಿ ಆಫ್ರಿಕನ್ ಅಮೆರಿಕನ್ ದಿನದ ವಾರ್ಷಿಕ ಮೆರವಣಿಗೆ. 1969ರಿಂದ ನಡೆಯುತ್ತಿರುವ ಹಬ್ಬ. ನಗಾರಿಯ ಸದ್ದಿಗೆ ಎದೆ ನಡುಗುತ್ತಿತ್ತು. ಎಂಟು ಹತ್ತರ ವಯಸ್ಸಿನ ಹುಡುಗಿಯರ ಕವಾಯತು ತಂಡವೊಂದು ಹಾದುಹೋಯಿತು. ಮಿಂಚಿನ ಅಂಗಿ, ಮತ್ತು ಕಾಲಿಗೆ ಅವರವರ ಮೈಬಣ್ಣಕ್ಕೆ ಒಪ್ಪುವ ಬಿಗಿಚೀಲಗಳು. ಇದರ ಹಿಂದೆ ಈ ಊರಿನದೇ ಒಬ್ಬ ದರ್ಜಿಯ ಕೈಯಿದೆ ಎಂದು ಅಕ್ಕನ ಮಗಳು ಕಿವಿಯಲ್ಲಿ ಕೂಗಿದಳು. ಜೆಲ್ಡಾ ವಿನ್ ವಾಲ್ಡೆಸ್ 1948ರಲ್ಲಿ ಬ್ರಾಡ್‌ವೇಯಲ್ಲಿ ಅಂಗಡಿ ತೆರೆದು ಎಲಾ ಫಿಟ್ಜೆರಾಲ್ಡ್‌ರಂಥ ಗಾಯಕಿಯರಿಗೆ ಹೊಲಿದವರು. 1970ರ ಹೊತ್ತಿಗೆ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಎಂಬ ಬ್ಯಾಲೆ ತಂಡದ ಉಡುಪಿನ ಹೊಣೆ ಹೊತ್ತರು. ಬ್ಯಾಲೆಯ ಕಾಲುಚೀಲ ಎಂದರೆ ನಸುಗೆಂಪು, ಅಂದರೆ ಬಿಳಿಯರ ಮೈಬಣ್ಣ. ಆ ತಂಡದಲ್ಲಿ ಒಬ್ಬೊಬ್ಬ ನರ್ತಕಿಯ ಬಣ್ಣಕ್ಕೂ ಬೇರೆ ಬೇರೆಯಾಗಿ ಕಾಲುಚೀಲಗಳಿಗೆ ಬಣ್ಣ ಕಟ್ಟಿದರು. ಬಣ್ಣದ ಬಾಣಲೆಯ ಮುಂದೆ ನಿಂತು, ಒಂದೊಂದು ಕಾಲಿಗೆ ಹಿಡಿದು ನೋಡಿ ಮತ್ತೆ ಅದ್ದುವ ಆ ಕೆಲಸವನ್ನು ಊಹಿಸಿಕೊಂಡೆ. ನನ್ನ ಪಕ್ಕದಲ್ಲಿ ಮಡಚುಕುರ್ಚಿ ಹಾಕಿ ಕೂತಿದ್ದ ಅಜ್ಜಿಯೊಬ್ಬರು ತಂಡದಲ್ಲಿದ್ದ ಮೊಮ್ಮಗಳಿಗೆ, "ಬೆನ್ನು ನೇರ!" ಎಂದು ಗದರಿದರು, ಹುಡುಗಿ ನಗು ತಡೆಯಲಾರದೆ ಹೆಜ್ಜೆ ತಪ್ಪಿದಳು.

ಸೋಮವಾರ

ಕೊನೆಯ ದಿನದ ಬೆಳಿಗ್ಗೆ ಸೆವೆಂತ್ ಅವೆನ್ಯೂವಿನ ಜವಳಿ ಕೇರಿಗೆ ಹೋದೆವು. ಹೊಲಿಗೆ ಮಷಿನ್ನಿಗೆ ಬಗ್ಗಿ ಕೂತ ಮುದಿ ದರ್ಜಿಯ ಕಂಚಿನ ಪ್ರತಿಮೆಯೊಂದು ಅಲ್ಲಿದೆ. ಯಹೂದಿ ವಲಸಿಗರ ನೆನಪಿಗೆ ಮಾಡಿದ್ದು. ನಾನು ಅದರ ಎದುರು ನಿಂತು ನೆನೆದದ್ದು ಆ್ಯನ್ ಲೋ ಅವರನ್ನು. ಅಲಬಾಮಾದ ಗುಲಾಮ ಹೊಲಿಗೆಯವಳ ಮೊಮ್ಮಗಳು. 1953ರಲ್ಲಿ ಜಾನ್ ಕೆನಡಿಯ ವಧು ಜಾಕ್ವೆಲಿನ್‌ಗೆ ಮದುವೆಯ ಉಡುಪು ಹೊಲಿದವರು ಇವರು; ಸುಮಾರು 50 ಗಜ ದಂತಬಣ್ಣದ ರೇಷ್ಮೆ ಟಾಫೆಟಾ ಅದಕ್ಕೆ ಹಿಡಿಯಿತು. ಮದುವೆಗೆ ಹತ್ತು ದಿನ ಇದ್ದಾಗ ಕೊಳಾಯಿ ಒಡೆದು ವಧುವಿನದೂ ಸೇರಿ ಹತ್ತು ಉಡುಪುಗಳು ನೀರುಪಾಲಾದವು. ಆ್ಯನ್ ಲೋ ಯಾರಿಗೂ ಸುದ್ದಿ ಕೊಡದೆ ಎಲ್ಲವನ್ನೂ ಮತ್ತೆ ಹೊಲಿದು, 2,200 ಡಾಲರ್ ಕೈಯಿಂದ ಕಳೆದುಕೊಂಡರು. ಉಡುಪು ತಲುಪಿಸಲು ಹೋದಾಗ ಹಿತ್ತಿಲ ಬಾಗಿಲಿನಿಂದ ಬರಲು ಹೇಳಿದರು. ಹಾಗಾದರೆ ಉಡುಪು ವಾಪಸು ಒಯ್ಯುತ್ತೇನೆಂದು ಆಕೆ ಮುಂಬಾಗಿಲಿನಿಂದಲೇ ಒಳಗೆ ಹೋದರು. ಅವರ ಹೆಸರು ಮಾತ್ರ ಆಗ ಮನೆಮಾತಾಗಲಿಲ್ಲ.

ಈ ಕೇರಿಯ ಇನ್ನೊಬ್ಬ ವಿಲ್ಲಿ ಸ್ಮಿತ್. 1976ರಲ್ಲಿ ವಿಲ್ಲಿವೇರ್ ಕಂಪನಿ ಕಟ್ಟಲು ಗೆಳತಿ ಲಾರಿ ಮ್ಯಾಲೆಯೊಂದಿಗೆ ಆತ ಬಂದದ್ದು ಭಾರತಕ್ಕೆ. ಮೊದಲ ಉಡುಪುಗಳು ನಮ್ಮ ಹತ್ತಿಯವು. ಸಡಿಲ, ಅಗ್ಗ, ಒಗೆದು ಹಾಕಿಕೊಳ್ಳುವಂಥವು. 1987ರಲ್ಲಿ, 39ನೇ ವಯಸ್ಸಿಗೆ, ಏಡ್ಸ್‌ನಿಂದ ತೀರಿಕೊಂಡ. ಐಷಾರಾಮ ಎಲ್ಲರ ಕೈಗೂ ಸಿಗಲಿ ಎಂಬ ಅದೇ ಹಾದಿಯಲ್ಲಿ ಬಂದವರು ಲೈಬೀರಿಯಾ ಮೂಲದ ಟೆಲ್ಫಾರ್ ಕ್ಲೆಮೆನ್ಸ್. 'ನಿನಗಾಗಿ ಅಲ್ಲ, ಎಲ್ಲರಿಗಾಗಿ' ಎಂಬುದು ಅವರ ಘೋಷಣೆ. ಅಕ್ಕನ ಮಗಳ ಹೆಗಲಲ್ಲಿ ಐದು ದಿನದಿಂದ ತೂಗುತ್ತಿದ್ದ ಹಸಿರು ಚೀಲ ಅವರದೇ ಎಂಬುದು ನನಗೆ ಅವತ್ತು ತಿಳಿಯಿತು. ಬೆಲೆ ಕೇಳಿದೆ. ಕೇಳಬಾರದಿತ್ತು, ಎಲ್ಲರಲ್ಲಿ ಯಲ್ಲಾಪುರದವರು ಸೇರಿಲ್ಲ.

ಮೂರು ಗಂಟೆಗೆ 116ನೇ ಬೀದಿ. ಅಂಗಿ ತಯಾರಿತ್ತು. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದು ಕೈ ಎತ್ತಿದೆ, ಕೈ ಮುಂದೆ ಚಾಚಿದೆ. ಬೆನ್ನು ಎಳೆಯಲಿಲ್ಲ, ಕಂಕುಳು ಹಿಡಿಯಲಿಲ್ಲ. ಬೀಸಣಿಗೆಯ ಚಿತ್ತಾರ ಎದೆಯ ಎರಡೂ ಹೋಳುಗಳಲ್ಲಿ ಕೂಡುವ ಕಡೆ ಗೆರೆಗೆ ಗೆರೆ ಕೂತಿತ್ತು. ತಿರುಗಿ ಎಂದರು, ತಿರುಗಿದೆ. ಇನ್ನೊಮ್ಮೆ ಎಂದರು. ಅಕ್ಕನ ಮಗಳು ಫೋನಿನಲ್ಲಿ ಯಾವುದೋ ಹಾಡು ಹಾಕಿದಳು, ಪಕ್ಕದಂಗಡಿಯ ಹೆಂಗಸು ಚಪ್ಪಾಳೆ ತಟ್ಟಿದಳು, ಐವತ್ತೆರಡರ ನಾನು ಗೂಡಂಗಡಿಗಳ ನಡುವಿನ ಆ ಇಕ್ಕಟ್ಟಿನಲ್ಲಿ ಮೂರು ಸುತ್ತು ಸುತ್ತಿದೆ.

ದುಡ್ಡು ಕೊಟ್ಟ ಮೇಲೆ, ಮಷಿನ್ನಿನ ಕೆಳಗಿನ ಚೀಲದಲ್ಲಿದ್ದ ಚೂರುಗಳನ್ನು ಕೇಳಿದೆ. "ಇದರಿಂದ ಏನು ಮಾಡ್ತೀರಿ ಸಿಸ್ಟರ್?" ಎಂದರು. ಫೋನಿನಲ್ಲಿದ್ದ ಸಿದ್ದಿ ಕೌದಿಯ ಚಿತ್ರ ತೋರಿಸಿ, ಇದನ್ನು ಹೊಲಿಯುವವರು ನಮ್ಮೂರಿನ ಪಕ್ಕದವರು, ಅವರ ಹಿರಿಯರು ನಿಮ್ಮ ಖಂಡದಿಂದ ಬಂದವರು ಎಂದೆ. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಹಿಗ್ಗಿಸಿ, ಅಂಚಿನಿಂದ ನಡುವಿನವರೆಗೆ ಹೊಲಿಗೆಯ ಸಾಲನ್ನು ಬೆರಳಲ್ಲಿ ಹಿಂಬಾಲಿಸಿದರು. ಮೂಲೆಯ ಮುಕ್ಕೋನದ ಮೇಲೆ ಬೆರಳು ನಿಂತಿತು. ಇದು ಯಾಕೆ ಎಂದು ಕೇಳಿದರು. ಇಲ್ಲದಿದ್ದರೆ ಬೆತ್ತಲೆ ಎನ್ನುತ್ತಾರೆ ಎಂದೆ. ಅವರು ನಕ್ಕು, ಚೀಲವನ್ನು ನನ್ನ ಮುಂದೆ ಸುರಿದು, ನಾನು ನೀಲಿಯನ್ನೇ ಆರಿಸುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಒಂದು ಹಿಡಿ ಕೆಂಪು ಚೂರುಗಳನ್ನು ತಂದು ಮೇಲೆ ಹಾಕಿದರು.